ನೀರು ಕುಡಿಸಿದ ಹಗ್ಗ

ನಾನು ತೆಂಗಿನ ನಾರಿನ ಹಗ್ಗ. ಹನ್ನೆರಡು ಮಾರು ಉದ್ದ, ಮೂರು ಎಳೆ. ಹುಟ್ಟುವ ಮೊದಲು ಎಷ್ಟೋ ತಿಂಗಳು ಉಳ್ಳಾಲದ ಹತ್ತಿರ ಹೊಳೆಯ ಕೆಸರಿನಲ್ಲಿ ಸಿಪ್ಪೆಯಾಗಿ ಮಲಗಿದ್ದೆ. ಆಮೇಲೆ ವಾರಿಜಕ್ಕ ನನ್ನನ್ನು ಬಡಿದು, ಬಿಡಿಸಿ, ಎರಡು ಅಂಗೈಗಳ ನಡುವೆ ಹೊಸೆದರು. ಆ ಅಂಗೈಯ ಬಿಸಿಯೇ ನನ್ನ ಮೊದಲ ನೆನಪು.

ಒಂಬತ್ತು ವರ್ಷ ಅವರ ಬಾವಿಯಲ್ಲಿ ಇಳಿದೆ, ಏರಿದೆ. ಪಂಪು ಬಂದ ಮೇಲೆ ಗೂಟಕ್ಕೆ ನೇತುಬಿದ್ದೆ. ಮಗಳು ಪ್ರಫುಲ್ಲ ನರ್ಸ್ ಕೆಲಸಕ್ಕೆಂದು ಒಮಾನಿಗೆ ಹೊರಟಾಗ, ಕುಚ್ಚಲಕ್ಕಿ, ಹಪ್ಪಳ ತುಂಬಿದ ರಟ್ಟಿನ ಪೆಟ್ಟಿಗೆಗೆ ವಾರಿಜಕ್ಕ ನನ್ನನ್ನೇ ಸುತ್ತಿ ಬಿಗಿದರು.

"ಇದಕ್ಕೆ ವಾರಕ್ಕೊಮ್ಮೆ ನೀರು ಕುಡಿಸು ಮಗಾ. ಒಣಗಿದ್ರೆ ಪಟ್ಟಂತ ತುಂಡಾಗ್ತದೆ."

"ಅಲ್ಲಿ ಹಗ್ಗಕ್ಕೆ ಎಂತ ಕೆಲಸ ಅಮ್ಮ?"

"ಕೆಲಸ ಇಲ್ಲದಿದ್ರೂ ಕುಡಿಸು."

ಪ್ರಫುಲ್ಲ ಮಾತು ಕಡಿಮೆಯವಳು. ಆದರೆ ಪ್ರತಿ ಶುಕ್ರವಾರ ತಪ್ಪದೆ ನನ್ನನ್ನು ಬಕೆಟ್ಟಿನಲ್ಲಿ ಮುಳುಗಿಸುತ್ತಿದ್ದಳು. ನೆನೆದಾಗ ನನ್ನಿಂದ ಊರಿನ ಬಾವಿಯ ವಾಸನೆ ಏಳುತ್ತಿತ್ತು. ಯಾರೂ ನೋಡದಾಗ ನನ್ನನ್ನು ಮೂಗಿಗೆ ಹಿಡಿಯುತ್ತಿದ್ದಳು.

ಆಸ್ಪತ್ರೆಯ ಚಾಲಕ ಉಸ್ಮಾನಾಕ ಕೂಡ ಉಳ್ಳಾಲದವರೇ. ಒಂದು ಶುಕ್ರವಾರ ಅವರು, "ಬಾ ಮಾರಾಯ್ತಿ, ಇಲ್ಲೊಂದು ಕಣಿವೆ ಉಂಟು. ಹರಿಯುವ ನೀರು, ಜಲಪಾತ ಎಲ್ಲ ಉಂಟು," ಎಂದರು. ಅಂದು ನನ್ನ ನೀರಿನ ದಿನ. ಹಾಗಾಗಿ ನಾನೂ ಜೀಪು ಹತ್ತಿದೆ.

ಮೂರು ಗಂಟೆ ಬರೀ ಒಣ ಬೆಟ್ಟ. ಒಂದು ಹುಲ್ಲುಕಡ್ಡಿಯೂ ಇಲ್ಲ. ಕಣಿವೆಯ ಬಾಯಲ್ಲಿ ಆಡು ಮೇಯಿಸುವ ಮುದುಕಿ ಮರ್ಯಮ್ ಸಿಕ್ಕಿದಳು. ದೂರದ ಬೆಟ್ಟ ತೋರಿಸಿ, ಮಳೆ ಸುರಿಯುವ ಹಾಗೆ ಬೆರಳಾಡಿಸಿ, ಹೋಗಬೇಡಿ ಎಂದು ಕೈಯಾಡಿಸಿದಳು. ಇವರಿಬ್ಬರೂ ತಲೆಯೆತ್ತಿ ನೋಡಿದರು. ಮೇಲೆ ಶುಭ್ರ ನೀಲಿ.

"ಒಂದು ಮೋಡ ಸಹ ಇಲ್ಲ," ಎಂದಳು ಪ್ರಫುಲ್ಲ.

"ಉಳ್ಳಾಲದವರಿಗೆ ಮಳೆ ಕಲಿಸ್ಲಿಕ್ಕೆ ಬರ್ತಾಳೆ!" ಉಸ್ಮಾನಾಕ ನಕ್ಕರು.

ಒಳಗೆ ಹೋದಂತೆ ಗೋಡೆಗಳು ಹತ್ತಿರವಾದವು. ಮೊದಲು ಸದ್ದು ಕೇಳಿತು, ಆಮೇಲೆ ತಂಪು ತಾಗಿತು. ಕೆಂಪು ಕಲ್ಲಿನ ಮೇಲಿಂದ ಮೂರು ಜಲಪಾತಗಳು ಮೆಟ್ಟಿಲಿನ ಹಾಗೆ ಇಳಿಯುತ್ತಿದ್ದವು. ಪ್ರಫುಲ್ಲ ಬಂಡೆಯ ಮೇಲೆ ಹತ್ತಿ, ನನ್ನನ್ನು ಬೀಳುವ ನೀರಿಗೆ ಹಿಡಿದಳು. ಅಷ್ಟು ಸಿಹಿ ನೀರನ್ನು ನಾನು ಎಂದೂ ಕುಡಿದಿರಲಿಲ್ಲ.

ಕೆಳಗಿನ ಗುಂಡಿಯಲ್ಲಿ ಈಜುತ್ತಿದ್ದ ಉಸ್ಮಾನಾಕ ಕೂಗಿದರು: "ಹಗ್ಗಕ್ಕೆ ಚಾ ಬೇಕಾ ಕೇಳು!"

ಅಷ್ಟರಲ್ಲಿ ನೀರೇ ಚಹಾದ ಬಣ್ಣಕ್ಕೆ ತಿರುಗಿತು. ಕಡ್ಡಿ, ಕಸ ತೇಲಿಬಂತು. ಮೇಲಿನಿಂದ ಗುಡುಗಿನಂಥ ಸದ್ದು. ಮರ್ಯಮ್ ತೋರಿಸಿದ ಆ ಬೆಟ್ಟದಲ್ಲಿ ಮಳೆ ಸುರಿದಿತ್ತು. ಉಸ್ಮಾನಾಕ ಇಳಿದಿದ್ದ ದಾರಿ ಕ್ಷಣದಲ್ಲಿ ಮುಳುಗಿತು. ಸುತ್ತ ನುಣುಪಾದ ಗೋಡೆ.

ಪ್ರಫುಲ್ಲ ನನ್ನ ತುದಿಗೆ ಕುಣಿಕೆ ಹಾಕಿದಳು. ಕೊಡಪಾನದ ಕುತ್ತಿಗೆಗೆ ಅಮ್ಮ ಹಾಕುತ್ತಿದ್ದ ಅದೇ ಕುಣಿಕೆ. ಇನ್ನೊಂದು ತುದಿಯನ್ನು ಬಂಡೆಗೆ ಎರಡು ಸುತ್ತು ಸುತ್ತಿ, ಕುಣಿಕೆಯನ್ನು ಕೆಳಗೆ ಬಿಟ್ಟಳು. "ಕಂಕುಳಿಗೆ ಹಾಕಿ! ಬೇಗ!"

ತುಂಬಿದ ಕೊಡ ಎಳೆದವನು ನಾನು. ಮನುಷ್ಯನನ್ನು ಎಳೆದವನಲ್ಲ. ಅಷ್ಟರಲ್ಲಿ, ನಮ್ಮ ಹಿಂದೆಯೇ ಹೊರಟಿದ್ದ ಮರ್ಯಮ್ ಏದುಸಿರು ಬಿಡುತ್ತ ಬಂದು ಪ್ರಫುಲ್ಲಳ ಹಿಂದೆ ನಿಂತು ನನ್ನನ್ನು ಹಿಡಿದಳು. ಕಲ್ಲಿನ ಅಂಚಿಗೆ ಉಜ್ಜಿ ಒಂದು ಎಳೆ ಹೋಯಿತು. ಒಣಗಿದ್ದರೆ ಉಳಿದೆರಡೂ ಅಲ್ಲೇ ಮುಗಿಯುತ್ತಿದ್ದವು. ನೀರು ಕುಡಿದು ಉಬ್ಬಿದ್ದ ನಾರು ಕಲ್ಲನ್ನು ಕಚ್ಚಿ ಹಿಡಿಯಿತು.

ಮೇಲೆ ಬಂದ ಉಸ್ಮಾನಾಕ ಕೆಮ್ಮುತ್ತ ಹೇಳಿದರು: "ಹಗ್ಗಕ್ಕಿಂತ... ನಾನೇ ಜಾಸ್ತಿ ಕುಡಿದೆ."

ಎಂದೂ ದನಿ ಎತ್ತದ ಪ್ರಫುಲ್ಲ ಅಳುತ್ತ ಕಿರುಚಿದಳು: "ಮಳೆ ಕಲಿಸ್ಲಿಕ್ಕೆ ಬರ್ತಾಳಂತೆ! ನಾನು ನಿಮ್ಮ ಮನೆಯವರಿಗೆ ಎಂತ ಹೇಳ್ಬೇಕಿತ್ತು?"

ಉಸ್ಮಾನಾಕ ತಲೆ ತಗ್ಗಿಸಿದರು. ಮರ್ಯಮ್ ಯಾರನ್ನೂ ಬಯ್ಯಲಿಲ್ಲ. ಹೋದ ಎಳೆಯನ್ನು ಮಾತ್ರ ಬೆರಳಿನಿಂದ ಸವರಿದಳು. ಹೊರಡುವಾಗ ಪ್ರಫುಲ್ಲ ನನ್ನನ್ನು ಅವಳ ಮಡಿಲಿಗೆ ಹಾಕಿದಳು.

ಮರ್ಯಮ್ ಗಾಯದ ಜಾಗಕ್ಕೆ ಆಡಿನ ಕೂದಲು ಹೆಣೆದು ಸರಿಮಾಡಿದಳು. ಈಗ ನಾನು ಕಣಿವೆಯ ಬಾಯಲ್ಲಿರುವ ಅವಳ ಬಾವಿಯಲ್ಲಿ ಇಳಿಯುತ್ತೇನೆ, ಏರುತ್ತೇನೆ. ನಾನು ಇಲ್ಲಿಗೆ ಬಂದ ಮರುತಿಂಗಳು ಪ್ರಫುಲ್ಲ ಬಂದು, ಬಾವಿಕಟ್ಟೆಯ ಮೇಲೆ ಕುಳಿತು ಊರಿಗೆ ಫೋನ್ ಮಾಡಿದಳು.

"ಹಗ್ಗ ಕೊಟ್ಟುಬಿಟ್ಟೆ ಅಮ್ಮ."

"ಅಲ್ಲಿ ಅದಕ್ಕೆ ಕೆಲಸ ಉಂಟಾ?"

"ಉಂಟು."

"ಹಾಗಾದ್ರೆ ಒಳ್ಳೇದಾಯ್ತು."

ನನಗೆ ವಯಸ್ಸಾಯಿತು, ಸವೆದಿದ್ದೇನೆ. ಪ್ರಫುಲ್ಲ ಬಂದಾಗಲೆಲ್ಲ ಮೊದಲು ದೂರದ ಬೆಟ್ಟವನ್ನು ನೋಡುತ್ತಾಳೆ. ಆಮೇಲೆ ನನ್ನನ್ನು ಮೂಗಿಗೆ ಹಿಡಿಯುತ್ತಾಳೆ. ಈಗ ನನ್ನಲ್ಲಿ ಆಡಿನ ವಾಸನೆಯೇ ಹೆಚ್ಚು. ಆದರೂ ಹಿಡಿಯುತ್ತಾಳೆ, ಮರ್ಯಮ್ ನೋಡುತ್ತಿದ್ದರೂ.