ಬೆಲ್ಟಿನ ಮುಂದೆ ಜರಡಿ ಭಾವ

ನಮ್ಮ ಭಾವ ಮನುಷ್ಯರನ್ನು ನೋಡುವುದು ಬಲದಿಂದ ಎಡಕ್ಕೆ. ಎದುರಿಗೆ ಕುಳಿತವರ ಮುಖದ ಮೇಲೆ ಅವರ ದೃಷ್ಟಿ ಎಂದೂ ನೆಲೆ ನಿಲ್ಲುವುದಿಲ್ಲ; ಒಂದು ಕಿವಿಯ ಬಳಿ ಹೊರಟು, ಮೂಗಿನ ಮೇಲೆ ಕ್ಷಣಮಾತ್ರ ತಂಗಿ, ಇನ್ನೊಂದು ಕಿವಿಯನ್ನು ದಾಟಿ ಆಚೆಯ ಶೂನ್ಯಕ್ಕೆ ಇಳಿದುಹೋಗುತ್ತದೆ; ಮರುಕ್ಷಣ, ಹಳೆಯ ಮುಖ ಮುಂದೆ ಸಾಗಿ ಹೊಸ ಮುಖವೊಂದು ಬಂತೋ ಎಂಬಂತೆ, ಮತ್ತೆ ಮೊದಲ ಕಿವಿಯ ಬಳಿ ಕಾದು ನಿಂತಿರುತ್ತದೆ. ಅಪರಿಚಿತರು ತಮ್ಮ ಹಿಂದೆ ಯಾರೋ ಹಾದುಹೋಗುತ್ತಿದ್ದಾರೆಂದು ತಿರುಗಿ ನೋಡುತ್ತಾರೆ. ಪರಿಚಿತರು ಕಿವಿಗೆ ಏನಾದರೂ ಅಂಟಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಾರೆ. ನಾನು ಅವರ ಹೆಂಡತಿಯ ತಮ್ಮ; ಹಾಗೆ ಮುಟ್ಟಿ ಮುಟ್ಟಿ ಕಿವಿ ಸವೆಸಿಕೊಂಡವನು.

ಇದು ಕಣ್ಣಿನ ದೋಷವಲ್ಲ, ಕಸುಬಿನ ಮುದ್ರೆ. ಭಾವ ತಮ್ಮ ಯೌವನ, ಮಧ್ಯವಯಸ್ಸು ಮತ್ತು ತಲೆಗೂದಲು ಈ ಮೂರನ್ನೂ ಒಂದು ಬಿಸ್ಕತ್ತು ಕಾರ್ಖಾನೆಯ ಬೆಲ್ಟಿನ ಪಕ್ಕದಲ್ಲಿ ಕಳೆದವರು. ಬಲಗಡೆಯ ಭಟ್ಟಿಯಿಂದ ಬಿಸ್ಕತ್ತುಗಳು ಸಾಲುಸಾಲಾಗಿ ಹೊರಬಂದು ಎಡಗಡೆಯ ಪ್ಯಾಕಿಂಗ್ ವಿಭಾಗಕ್ಕೆ ಮೆರವಣಿಗೆ ಹೋಗುತ್ತಿದ್ದರೆ, ನಡುವೆ ನಿಂತ ಭಾವ ಮುರಿದದ್ದು, ಸೀದದ್ದು, ಅಂಚು ಹರಿದದ್ದು ಕಂಡೊಡನೆ ಎರಡೇ ಬೆರಳಿನಲ್ಲಿ ಎತ್ತಿ ಪಕ್ಕದ ತಟ್ಟೆಗೆ ಸರಿಸುತ್ತಿದ್ದರು. ಒಳ್ಳೆಯ ಬಿಸ್ಕತ್ತಿನ ವಿಷಯದಲ್ಲಿ ಅವರು ಮಾಡಬೇಕಾದದ್ದು ಏನೂ ಇರಲಿಲ್ಲ. ಅದು ತನ್ನ ಪಾಡಿಗೆ ಹೋಗುತ್ತಿತ್ತು. ಬೆಲ್ಟಿನ ಮೇಲಿನದನ್ನು ಬಾಯಿಗೆ ಹಾಕಿಕೊಂಡವನಿಗೆ, ಬಚ್ಚಿಟ್ಟುಕೊಂಡವನಿಗೆ ಅವತ್ತೇ ಮನೆಯ ದಾರಿ. ಅದಕ್ಕಾಗಿಯೇ ಅಲ್ಲಿಯ ಬಿಳಿ ಕೋಟಿಗೆ ಜೇಬುಗಳಿರಲಿಲ್ಲ. ನಿವೃತ್ತಿಯಾದ ಮೇಲೂ ಭಾವ ಜೇಬಿಲ್ಲದ ಅಂಗಿಯನ್ನೇ ಹೊಲಿಸುತ್ತಾರೆ. ಕನ್ನಡಕದ ಡಬ್ಬಿ, ಬೀಗದ ಕೈ, ಬಸ್ಸಿನ ಚೀಟಿ, ಕರವಸ್ತ್ರ ಇಷ್ಟನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದು, ಈಗತಾನೆ ಏನನ್ನೋ ಕದ್ದು ಓಡಿಬಂದವರಂತೆ, ಮೈಗೆ ಮೊಣಕೈ ಅಂಟಿಸಿಕೊಂಡು ನಡೆಯುತ್ತಾರೆ.

ಕಾರ್ಖಾನೆ ಅವರನ್ನು ಬಿಟ್ಟರೂ ಅವರ ಎರಡು ಬೆರಳು ಕಾರ್ಖಾನೆಯನ್ನು ಬಿಡಲಿಲ್ಲ. ಬಸ್ಸಿನ ಸರತಿಯಲ್ಲಿ ಒಬ್ಬಾತ ತುಸು ಆಚೆಗೆ ನಿಂತಿದ್ದರೆ ಅವನ ತೋಳನ್ನು ಮೆಲ್ಲಗೆ ಹಿಡಿದು ಸಾಲಿಗೆ ಸೇರಿಸಿ, ಅವನು ಜಗಳ ತೆಗೆಯುವಷ್ಟರಲ್ಲಿ ಮುಂದಿನವನನ್ನು ನೋಡುತ್ತಿರುತ್ತಾರೆ. ನನ್ನ ಮೊದಲ ಪುಸ್ತಕವನ್ನು ಭಕ್ತಿಯಿಂದ ಅವರ ಕೈಗಿತ್ತಾಗ, ವಾರ ಬಿಟ್ಟು ಒಂದು ಪುಟದ ಮೂಲೆ ಮಡಿಸಿ ಹಿಂದಿರುಗಿಸಿದರು. ಮೆಚ್ಚಿದ ಪುಟವಿರಬೇಕೆಂದು ಹಿಗ್ಗಿ ಬಿಡಿಸಿ ನೋಡಿದರೆ ಅಲ್ಲಿ ಒಂದು ಸಾಲು ಎರಡು ಸಲ ಅಚ್ಚಾಗಿತ್ತು. ಮಿಕ್ಕ ಪುಟಗಳ ಬಗ್ಗೆ ಪ್ರಾಣ ಹೋದರೂ ಬಾಯಿ ಬಿಡಲಿಲ್ಲ. ಮನೆಮಂದಿ ಅವರಿಗೆ ಜರಡಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅಕ್ಕನಿಗೆ ಇದೆಲ್ಲ ಅಭ್ಯಾಸವಾಗಿತ್ತು; ಅಭ್ಯಾಸವಾಗದೆ ಉಳಿದವಳು ಅವರ ಒಬ್ಬಳೇ ಮಗಳು. ಶಾಲೆಯ ದಿನಗಳಿಂದ ಅವಳು ತಂದ ಅಂಕಗಳಲ್ಲಿ ಕಡಿಮೆ ಬಂದದ್ದರ ಮೇಲೆಯೇ ಅಪ್ಪನ ಬೆರಳು ನಿಲ್ಲುತ್ತಿತ್ತು. ‘ಚೆನ್ನಾಗಿದೆ’ ಎಂಬ ಪದ ಆ ಮನೆಯಲ್ಲಿ ಹವಾಮಾನಕ್ಕೂ ಬಳಕೆಯಾದದ್ದನ್ನು ನಾನು ಕಾಣೆ.

ಅಂಥ ಮಗಳು ಒಬ್ಬನನ್ನು ಮೆಚ್ಚಿದಳು. ಆತ ಬಾಣಸಿಗ, ಅದೂ ಜಪಾನೀ ಹೋಟೆಲಿನಲ್ಲಿ ಸುಶಿ ಮಾಡುವವನು. ಹುಳಿ ಬೆರೆಸಿದ ಅನ್ನವನ್ನು ಅಂಗೈಯಲ್ಲಿ ಬೆರಳುದ್ದ ಒತ್ತಿ, ಅದರ ಮೇಲೆ ಬೇಯಿಸದ ಮೀನಿನ ಹೋಳೊಂದನ್ನು ಹೊದಿಸುವುದೇ ಅವನ ಉದ್ಯೋಗವೆಂದು ಅವಳು ವಿವರಿಸಿದಾಗ, ಒಲೆ ಕಂಡು ಬಂದ ಮೀನನ್ನು ಮಾತ್ರ ಬಲ್ಲ ಭಾವ, ಹಾಗಾದರೆ ಅಡಿಗೆ ಎಲ್ಲಿ ಬಂತು ಎಂದು ಕೇಳಿದರಂತೆ. ಮದುವೆಯ ಮಾತಿಗೆ ಅವರ ಉತ್ತರ ಎಂದಿನದೇ: “ನೋಡೋಣ.” ಈ ಪದಕ್ಕೆ ಒಪ್ಪಿಗೆಯಿಂದ ಹಿಡಿದು ಕೋರ್ಟು ಕಚೇರಿಯವರೆಗೆ ಯಾವ ಅರ್ಥವೂ ಇರಬಹುದಾದ್ದರಿಂದ ಮಗಳು ಹಟ ಹಿಡಿದಳು. ಬಂದು ಅವನ ಕೆಲಸ ನೋಡಬೇಕು, ಕೈಯಡುಗೆ ತಿನ್ನಬೇಕು, ಅದೇ ದಿನ ಒಂದು ಮಾತು ಹೇಳಬೇಕು.

“ಬೇಡ ಅಂದ್ರೂ ಸರಿ ಅಪ್ಪ,” ಎಂದಳಂತೆ, “ಆದ್ರೆ ಸುಮ್ನಿರಬೇಡ.”

ಸೋದರಮಾವನೆಂಬ ಪದವಿಯಿಂದ ನಾನೂ ಹೊರಟೆ. ನನ್ನನ್ನು ಲೋಕಜ್ಞಾನಿಯೆಂದು ಆ ಮನೆಯವರು ತಪ್ಪಾಗಿ ತಿಳಿದಿದ್ದರು. ಜಪಾನೀ ಊಟವನ್ನು ಎರಡು ಕಡ್ಡಿಗಳಲ್ಲಿ ಹಿಡಿದು ತಿನ್ನಬೇಕೆಂದು ಕೇಳಿದ್ದರಿಂದ, ಆ ತಪ್ಪು ಬಯಲಾಗದಿರಲೆಂದು ನಾನು ಮುಂಚಿನಿಂದಲೇ ಎರಡು ಪೆನ್ಸಿಲುಗಳಲ್ಲಿ ಕಡಲೆಬೀಜ ಹಿಡಿದೆತ್ತುವ ಸಾಧನೆ ಮಾಡಿ, ಮನೆಯ ಮಂಚದ ಕೆಳಗೆಲ್ಲ ಕಡಲೆಬೀಜ ಬಿತ್ತಿದ್ದೆ.

ಹಸಿ ಮೀನಿಗೆ, ಕಡ್ಡಿಯೂಟಕ್ಕೆ, ಭಾವೀ ಅಳಿಯನಿಗೆ, ಮೂರಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೇ ಭಾವ ಹೋಟೆಲಿನ ಬಾಗಿಲು ದಾಟಿದರು. ಆದರೆ ಅಲ್ಲಿ ಬೆಲ್ಟು ಇದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದು ಹೇಳಬೇಕಾದ ವಿಷಯವೆಂದು ಮಗಳಿಗೂ ಹೊಳೆದಿರಲಿಲ್ಲ. ಅಡಿಗೆಮನೆಯ ಗೋಡೆಯ ಕಿಂಡಿಯೊಂದರಿಂದ ಹೊರಬಿದ್ದ ಕಪ್ಪು ಬೆಲ್ಟು, ಪಾರದರ್ಶಕ ಮುಚ್ಚಳದ ಪುಟ್ಟ ತಟ್ಟೆಗಳನ್ನು ಹೊತ್ತು, ಎಲ್ಲ ಮೇಜುಗಳ ಪಕ್ಕದಲ್ಲೂ ಸುಳಿದು, ಇನ್ನೊಂದು ಕಿಂಡಿಯಲ್ಲಿ ಮರೆಯಾಗುತ್ತಿತ್ತು. ಭಾವನ ಬೆನ್ನು ನೆಟ್ಟಗಾಯಿತು. ತಟ್ಟೆಗಳು ಬಲದಿಂದ ಬರುವಂಥ ಜಾಗವನ್ನೇ ಆರಿಸಿ ಕುಳಿತರು. ಕುಳಿತರೆಂದೆ; ಮೊದಲು ನಿಂತೇ ಇದ್ದರು, ಅಕ್ಕ ಅಂಗಿ ಹಿಡಿದು ಕೂರಿಸಿದಳು.

ಆಮೇಲೆ ಅವರ ಮನಸ್ಸಿನಲ್ಲಿ ನಡೆದದ್ದನ್ನು ನಾನು ತುಂಡುತುಂಡಾಗಿ ಕೇಳಿ ಜೋಡಿಸಿದ್ದೇನೆ. ಇದು ಕಾರ್ಖಾನೆಯೋ ಊಟದ ಮನೆಯೋ? ಕಾರ್ಖಾನೆಯಾದರೆ ಈ ಸಂಸಾರಸ್ಥರು ಇಲ್ಲೇಕೆ ಕುಳಿತಿದ್ದಾರೆ? ಊಟದ ಮನೆಯಾದರೆ ಊಟ ನಿಲ್ಲದೆ ಓಡುತ್ತಿರುವುದು ಏತಕ್ಕೆ? ಅವರು ಕೈ ಕಟ್ಟಿ ನೋಡುತ್ತಲೇ ಇದ್ದರು. ಕೆಂಪು ಮೀನು ಹೋಯಿತು, ಬಿಳಿ ಮೀನು ಹೋಯಿತು, ಹಳದಿ ಮೊಟ್ಟೆಯ ಹೋಳು ಹೊತ್ತದ್ದು ಹೋಯಿತು. ಸ್ವಲ್ಪ ಹೊತ್ತಿಗೆ ಬಲಗಡೆಯಿಂದ ಅದೇ ಕೆಂಪು ಮೀನು ಮತ್ತೆ ಬಂತು.

ಅವರು ನನ್ನ ಕಡೆ ಬಾಗಿ, “ಇದು ಆಗ್ಲೇ ಹೋಗಿತ್ತಲ್ಲ?” ಎಂದರು. ಇಲ್ಲಿ ಎಲ್ಲವೂ ಸುತ್ತು ಹಾಕುತ್ತದೆ ಎಂದು ನಾನು ಪಂಡಿತನಂತೆ ತಿಳಿಸಿದೆ. ಒಂದು ಸಲ ಪಾಸಾದದ್ದು ಪುನಃ ಯಾಕೆ ಬರಬೇಕು ಎಂಬುದು ಅವರ ಮುಂದಿನ ಪ್ರಶ್ನೆ. ಅದನ್ನು ಮರೆಸಲು ನಾನು ಕಡ್ಡಿಗಳನ್ನು ಝಳಪಿಸಿ, ತಟ್ಟೆಯ ಅಂಚಿನಲ್ಲಿದ್ದ ಹಸಿರು ಮುದ್ದೆಯೊಂದನ್ನು, ಇದು ಜೀರ್ಣಕ್ಕೆ ಎಂದು ಉಪದೇಶಿಸುತ್ತ, ಇಡಿಯಾಗಿ ಬಾಯಿಗಿಟ್ಟೆ. ಅದು ಜಪಾನೀಯರ ಖಾರ; ನಾಲಿಗೆಯನ್ನು ಲೆಕ್ಕಿಸದೆ ನೇರವಾಗಿ ಮೂಗಿನ ಮೂಲಕ ನೆತ್ತಿಗೆ ಏರಿತು. ಧಾರಾಕಾರವಾಗಿ ಹರಿದ ನನ್ನ ಕಣ್ಣೀರನ್ನು ಕಂಡ ಅಕ್ಕನ ಮಗಳು, ಅದು ವಾತ್ಸಲ್ಯವೆಂದೇ ಬಗೆದು ನನ್ನ ಕೈ ಹಿಡಿದು, “ಅಳಬೇಡಿ ಮಾವ, ಮದುವೆಯಾದ್ರೂ ಇದೇ ಊರಲ್ಲಿರ್ತೀನಿ” ಎಂದಳು. ನಾನು ತಲೆಯಾಡಿಸಿದೆ.

ಈ ಗಲಾಟೆಯಲ್ಲಿ ನಾವು ಭಾವನನ್ನು ಮರೆತೆವು. ತಿರುಗಿ ನೋಡುವಷ್ಟರಲ್ಲಿ ಅವರ ಬೆರಳುಗಳಿಗೆ ಜೀವ ಬಂದಿತ್ತು. ಎರಡನೆಯ ಸುತ್ತಿನಲ್ಲಿ ಅವರಿಗೆ ದೋಷ ಕಂಡಿತ್ತು: ಮೀನಿನ ಹೋಳು ಅನ್ನದ ಮೇಲೆ ನೆಟ್ಟಗಿಲ್ಲ, ಓರೆಯಾಗಿ ಮಲಗಿದೆ, ಒಂದು ತುದಿ ಹೊರಗೆ ಜೋತಿದೆ. ಒಂದು ತಟ್ಟೆ ತೆಗೆದರು, ಇನ್ನೊಂದು ತೆಗೆದರು. ಪಕ್ಕದ ಮೇಜಿನ ಹೆಂಗಸೊಬ್ಬಳು ಕೈ ಚಾಚಿದ್ದ ತಟ್ಟೆಯನ್ನು ಅವಳ ಬೆರಳ ತುದಿಯಿಂದ ಪಾರು ಮಾಡಿದರು. ಮುಚ್ಚಳ ತೆರೆಯದೆ, ಒಂದನ್ನೂ ತಿನ್ನದೆ, ಮೇಜಿನ ಅಂಚಿಗೆ ಸಾಲಾಗಿ ಜೋಡಿಸಿಟ್ಟರು. ಬಡಿಸುವಾಕೆ ಇವರನ್ನು ಮಹಾ ಭೋಜನಪ್ರಿಯರೆಂದು ತಿಳಿದು ಬಿಸಿ ಚಹಾ ತಂದಿಟ್ಟಳು. ಗಾಜಿನ ಹಿಂದಿನಿಂದ, ಬಿಳಿ ಟೋಪಿಯ ತೆಳ್ಳನೆಯ ಯುವಕನೊಬ್ಬ ತನ್ನ ಕೈಯಿಂದ ಹೊರಟ ತಟ್ಟೆಗಳೆಲ್ಲ ಹೆಣ್ಣಿನ ಅಪ್ಪನ ಮುಂದೆ ಶವಗಳಂತೆ ಸಾಲಾಗುತ್ತಿರುವುದನ್ನು ನೋಡುತ್ತಿದ್ದ. ಅವನು ನೋಡುತ್ತಿರುವುದನ್ನು ಮಗಳು ನೋಡಿದಳು.

ಮಗಳು ಅಪ್ಪನ ಮೊಣಕೈ ಹಿಡಿಯಬೇಕೆನ್ನುವಷ್ಟರಲ್ಲಿ ಭಾವ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ಒಂದು ಓರೆಯಾದರೆ ಕೈತಪ್ಪು, ಎಲ್ಲವೂ ಒಂದೇ ಕಡೆಗೆ ಓರೆಯಾದರೆ ಯಂತ್ರದ ತಪ್ಪು, ಆಗ ಬೆಲ್ಟು ನಿಲ್ಲಿಸಬೇಕು. ಇದು ಅವರ ಕಸುಬಿನ ಧರ್ಮ. ಮೇಜಿನ ಪಕ್ಕದಲ್ಲಿ ಕೆಂಪು ಗುಂಡಿಯೂ ಇತ್ತು. ಒತ್ತಿದರು. ಬೆಲ್ಟು ನಿಲ್ಲಲಿಲ್ಲ, ಎಲ್ಲೋ ಇಂಪಾಗಿ ಗಂಟೆ ಬಾರಿಸಿತು, ಬಡಿಸುವಾಕೆ ಬಂದು ನಿಂತಳು. ಆ ಗುಂಡಿ ಅವಳನ್ನು ಕರೆಯಲು ಇದ್ದದ್ದು. ಗುಂಡಿ ಒತ್ತಿದರೆ ಯಂತ್ರ ಓಡುತ್ತಲೇ ಇದ್ದು ಮನುಷ್ಯರು ಬಂದು ನಿಲ್ಲುವ ಈ ವ್ಯವಸ್ಥೆಯಿಂದ ಭಾವ ತಬ್ಬಿಬ್ಬಾದರೂ ಕರ್ತವ್ಯ ಮರೆಯದೆ, ಎಲ್ಲ ಒಂದೇ ಕಡೆ ವಾಲುತ್ತಿದೆ, ಒಳಗೆ ತಿಳಿಸಿ ಎಂದರು. ಅವಳು ಹಾಗೆಯೇ ಒಳಗೆ ತಿಳಿಸಿದಳು.

ಯುವಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಮಗಳು ಎದ್ದು ನಿಂತಳು. “ಇವ್ನೇ ಅಪ್ಪ,” ಎಂದಳು. ಅವನು ತಟ್ಟೆಗಳ ಸಾಲನ್ನು ನೋಡಿ, ನಿಧಾನವಾಗಿ, “ಒಂದೂ ಸರಿ ಇರ್ಲಿಲ್ವಾ ಅಂಕಲ್?” ಎಂದು ಕೇಳಿದ.

ಭಾವ ಬಾಗಿಲ ಕಡೆ, ಪಕ್ಕದ ಮೇಜಿನ ಕಡೆ ನೋಡಿ, ದನಿ ತಗ್ಗಿಸಿದರು. “ಜೋರಾಗಿ ಮಾತಾಡಬೇಡ. ಯಾರೂ ನೋಡಿಲ್ಲ, ಅಷ್ಟರಲ್ಲೇ ತೆಗೆದಿಟ್ಟಿದ್ದೀನಿ. ಇಷ್ಟು ಜನರ ಮುಂದೆ ನಿನ್ನ ಹೆಸರು ಯಾಕೆ ಕೆಡಬೇಕು?”

ಮಗಳು ಕುಳಿತುಬಿಟ್ಟಳು. ಅವಮಾನವೆಂದು ಅವಳು ಬಗೆದದ್ದು ಅಪ್ಪನ ಲೆಕ್ಕದಲ್ಲಿ ಪಕ್ಷಪಾತವಾಗಿತ್ತು. ಅವರು ಯಾವಾಗಲೋ ಆ ಹುಡುಗನನ್ನು ತಮ್ಮ ಪಾಳಿಯವನೆಂದು ಭಾವಿಸಿ, ಅವನ ಮಾನ ಕಾಯಲು ಹೊರಟಿದ್ದರು. ಯುವಕನಿಗೆ ಅದು ಅರ್ಥವಾಯಿತೋ ಇಲ್ಲವೋ, ಅವನು ಮೊಣಕಾಲೂರಿ ಕುಳಿತು, ಒಂದು ಮುಚ್ಚಳ ತೆಗೆದು, ಹೋಳನ್ನು ಓರೆಯಾಗಿಯೇ ಇಡಬೇಕು, ತುದಿ ಜೋತಿರಬೇಕು, ಹಾಗೆ ಇಡಲು ಕಲಿಯುವುದಕ್ಕೇ ತನಗೆ ಬಹಳ ಕಾಲ ಹಿಡಿಯಿತು ಎಂದು ವಿವರಿಸಿದ.

“ಬೇಕಂತಲೇ?” ಎಂದರು ಭಾವ.

“ಬೇಕಂತಲೇ.”

ಒಂದು ವಸ್ತು ಬೇಕೆಂದೇ ಓರೆಯಾಗಿರಬಹುದೆಂಬ ಸುದ್ದಿ ಆ ತಲೆಯೊಳಗೆ ಇಳಿಯಲು ದಾರಿ ಕಾಣದೆ ಹೊರಗೇ ನಿಂತದ್ದು ನಮಗೆಲ್ಲ ಕಾಣುತ್ತಿತ್ತು. ತೆಗೆದ ತಟ್ಟೆಯನ್ನು ತಿರುಗಿ ಬೆಲ್ಟಿಗೆ ಇಡುವಂತಿಲ್ಲ, ತೆಗೆದವರೇ ತಿನ್ನಬೇಕು ಎಂದು ಯುವಕ ಸಂಕೋಚದಿಂದ ತಿಳಿಸಿದಾಗ, ಆ ದಿನ ಮೊದಲ ಬಾರಿಗೆ ಒಂದು ನಿಯಮ ಭಾವನಿಗೆ ಅರ್ಧದಷ್ಟಾದರೂ ತಿಳಿಯಿತು. ಮೇಲಧಿಕಾರಿ ಯಾರೂ ನೋಡುತ್ತಿಲ್ಲವೆಂದು ಆ ಕಡೆ ಈ ಕಡೆ ಖಾತ್ರಿ ಮಾಡಿಕೊಂಡು, ಒಂದನ್ನು ಕೈಯಿಂದಲೇ ಎತ್ತಿ ಬಾಯಿಗಿಟ್ಟು, ಕಣ್ಣು ಮುಚ್ಚಿದರು. ಅಗಿದರು. ಬಹಳ ಹೊತ್ತು ಅಗಿದರು. ಸೇರಿತೆಂದೂ ಸೇರಲಿಲ್ಲವೆಂದೂ ಹೇಳದ ಆ ಮುಖದ ಮುಂದೆ ಯುವಕ ಮೊಣಕಾಲೂರಿಕೊಂಡೇ ಕಾದ. ಮಗಳು ತಾಳಲಾರದೆ ಕೇಳಿದಳು:

“ಅಪ್ಪ, ಇವತ್ತೇ ಒಂದು ಮಾತು ಹೇಳ್ಬೇಕು ಅಂದಿದ್ನಲ್ಲ.”

ಭಾವ ಕಣ್ಣು ತೆರೆದರು. “ನಂಗೆ ಇದು ತಿಳೀಲಿಲ್ಲ,” ಎಂದರು. “ಇನ್ನೊಂದ್ಸಲ ಬರ್ತೀನಿ.”

ಮನೆಗೆ ಬರುವ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆಗೆ ಮುಖ ಮಾಡಿ ಅತ್ತಳು. ನನ್ನ ಕಣ್ಣೂ ಒಣಗಿರಲಿಲ್ಲ, ಕಾರಣ ಮಾತ್ರ ಬೇರೆ. ಅಕ್ಕ ಒಬ್ಬಳೇ ನಿರಾಳವಾಗಿದ್ದಳು. “ನನ್ನ ನೋಡೋಕೆ ಬಂದಾಗ್ಲೂ ಹಿಂಗೇ ಅಂದಿದ್ರು ಕಣೇ,” ಎಂದಳು ಮಗಳಿಗೆ, “ನಮ್ಮಪ್ಪ ಇದು ಕೈಬಿಟ್ಟ ಸಂಬಂಧ ಅಂದ್ಕೊಂಡಿದ್ದ.”

ಮುಂದಿನ ವಾರ ಭಾವ ಯಾರಿಗೂ ಹೇಳದೆ ಒಬ್ಬರೇ ಅಲ್ಲಿಗೆ ಹೋದರು. ಏನು ತಿಂದರೋ, ಅವನೊಡನೆ ಏನು ಮಾತಾಡಿದರೋ ತಿಳಿಯದು. ಬಂದ ಮುಖ ಹೋದ ಮುಖಕ್ಕಿಂತ ಇನ್ನಷ್ಟು ಗೊಂದಲದಲ್ಲಿತ್ತೆಂದು ಅಕ್ಕ ಹೇಳುತ್ತಾಳೆ. ಚಪ್ಪಲಿ ಬಿಡುತ್ತ ಮಗಳನ್ನು ಕರೆದು, “ಆ ಹೋಟೆಲಿನವರು ಮದುವೆಗೆ ಅಂದ್ರೆ ರಜೆ ಕೊಡ್ತಾರಂತಾ, ಅವನ್ನ ಕೇಳು,” ಎಂದರಂತೆ. ಅಷ್ಟೇ. ಆ ಹುಡುಗ ಒಳ್ಳೆಯವನೆಂದು ಅವರ ಬಾಯಿಂದ ಇವತ್ತಿಗೂ ಯಾರೂ ಕೇಳಿಲ್ಲ.

ಭಾವನಂಥವರು ಲೋಕದಲ್ಲಿ ಬಹಳ ಮಂದಿಯಿದ್ದಾರೆ. ಪ್ರತಿ ಮನೆಗೂ ಒಬ್ಬರಂತೆ ಹಂಚಿಹೋಗಿದ್ದಾರೆಂದು ನನ್ನ ಗುಮಾನಿ. ದೋಷವನ್ನು ಗುರುತಿಸಲು ಅವರಿಗೆ ಬೆರಳುಂಟು, ಭಾಷೆಯುಂಟು, ಬೇಕಾದರೆ ಗಂಟೆಯೂ ಉಂಟು. ಗುಣವನ್ನು ಗುರುತಿಸಲು ಕೈ ಕಟ್ಟಿ ನಿಲ್ಲುವುದೊಂದನ್ನುಳಿದು ಬೇರೆ ವಿದ್ಯೆಯನ್ನು ಯಾರೂ ಅವರಿಗೆ ಕಲಿಸಲಿಲ್ಲ. ನೆಟ್ಟಗಿರುವುದೆಲ್ಲ ಅವರ ಕಣ್ಣ ಮುಂದೆಯೇ, ಅವರ ಪೂರ್ಣ ಒಪ್ಪಿಗೆಯಿಂದಲೇ ಸಾಗಿಹೋಗುತ್ತದೆ, ಆದರೆ ತನ್ನನ್ನು ಯಾರೂ ನೋಡಲೇ ಇಲ್ಲವೆಂದು ನೊಂದುಕೊಂಡು ಸಾಗುತ್ತದೆ. ಇಷ್ಟವಾದದ್ದರ ಮುಂದೆ ಅವರಿಗೆ ಮಾತು ಹೊರಡದು, ಗೊಂದಲವಾಗುತ್ತದೆ; ಆ ಪೆಚ್ಚುಮೋರೆಯನ್ನೇ ಹೊಗಳಿಕೆಯೆಂದು ಓದಿಕೊಳ್ಳಲು ಒಬ್ಬ ಹೆಂಡತಿಗೆ ಒಂದು ಆಯುಷ್ಯ ಬೇಕಾಯಿತು, ಒಬ್ಬ ಮಗಳಿಗೆ ಒಂದು ವಾರ ಸಾಕಾಯಿತು. ಮಿಕ್ಕವರು ನಾವು, ಆ ಮುಖ ನಮ್ಮ ಕಡೆ ತಿರುಗಿದಾಗ, ಇನ್ನೂ ಕಿವಿಯನ್ನೇ ಮುಟ್ಟಿ ನೋಡಿಕೊಳ್ಳುತ್ತಿರುತ್ತೇವೆ.