ಹೊರಗಿನ ಚಿಲಕ

ಮುಬಶೀರ ಕೋಣೆಯ ಬಾಗಿಲಿನ ಹೊರಚಿಲಕದ ಕೊನೆಯ ಸ್ಕ್ರೂ ಬಿಚ್ಚುವಷ್ಟರಲ್ಲಿ ಚಮನಬಿ ಬಂದೇಬಿಟ್ಟಳು. ಓಣಿಯಲ್ಲಿ ತೀರಿಕೊಂಡ ಹೆಂಗಸರಿಗೆ ಸ್ನಾನ ಮಾಡಿಸುವವಳು ಅವಳು. ಒಳಗೆ ಅವನ ತಾಯಿ ಕುಲಸುಮಬಿಯ ಹೆಣವಿತ್ತು. ಕಿತ್ತ ಚಿಲಕವನ್ನು ಅವನು ಜುಬ್ಬಾದ ಕಿಸೆಗೆ ತುರುಕಿದ. ಸವಣೂರಿನ ಬಾಯಿಗೆ ಮುಚ್ಚಳ ಹಾಕುವವರು ಯಾರು?

“ಬಾಗಿಲಾ ಹಾಕ್ಕೋಬೇಕಲ್ರಿ. ಒಳಗ ಚಿಲಕಾನ ಇಲ್ಲ?” ಎಂದಳು ಚಮನಬಿ.

“ನಮ್ಮನ್ಯಾಗ ಯಾವ ಬಾಗಿಲಕ್ಕೂ ಚಿಲಕ ಇಲ್ಲವ್ವಾ,” ಎಂದ ಅವನ ಅಪ್ಪ ಜಮಾಲಸಾಬ. “ನಾ ಹೊರಗ ಬೆನ್ನು ಕೊಟ್ಟು ಕುಂದರ್ತೇನಿ. ಯಾರೂ ಬರಂಗಿಲ್ಲ.”

ಮುದುಕ ಕುಳಿತ. ಅವನ ತಲೆಯ ಮೇಲೆಯೇ ಚೌಕಟ್ಟಿನಲ್ಲಿ ಸ್ಕ್ರೂಗಳ ಹಸಿ ತೂತುಗಳು. ಅಪ್ಪನ ಕಣ್ಣು ಮಂಜು, ಕಂಡಿರಲಿಕ್ಕಿಲ್ಲ ಎಂದುಕೊಂಡರೂ ಮುಬಶೀರನ ಮುಖ ನಾಚಿಕೆಯಿಂದ ಸುಡುತ್ತಿತ್ತು.

* * *

ನಿಜಾಮನ ರಾಜ್ಯ ಬಿದ್ದ ವರ್ಷ, ಗಡಿಯಾಚೆಯ ಹಳ್ಳಿಗೆ ಕೊಲ್ಲುವವರು ನುಗ್ಗಿದಾಗ, ಪುಟ್ಟ ಕುಲಸುಮಳನ್ನು ತಾಯಿ ಜೋಳ ತುಂಬುವ ಹಗೇವಿನ ಗುಂಡಿಗೆ ಇಳಿಸಿ ಮೇಲೆ ಕಲ್ಲು ಮುಚ್ಚಿದ್ದಳು. ಕಲ್ಲು ತೆಗೆದವರು ನೆರೆಯವರು. ತಾಯಿ ಬರಲೇ ಇಲ್ಲ.

ಮದುವೆಯಾಗಿ ಬಂದವಳು ಬಾಗಿಲು ಮುಚ್ಚಿದೊಡನೆ ಕಿರುಚಿ ಗೋಡೆ ಕೆರೆದಳು. ಹುಚ್ಚಿಯನ್ನು ಬಿಟ್ಟುಬಿಡು ಎಂದರು ಬಂಧುಗಳು. ಜಮಾಲಸಾಬ ಬೆಳಗಾಗೆದ್ದು ಮನೆಯ ಚಿಲಕಗಳನ್ನೆಲ್ಲ ಕಿತ್ತ. ಧಾರವಾಡದ ಗುಳಿಗೆ, ಹುಲಗೂರ ದರ್ಗಾದ ತಾಯಿತ ಎಲ್ಲ ಆದವು. ಅವಳಿಗೆ ನಿದ್ದೆ ಬರುತ್ತಿದ್ದದ್ದು ತೆರೆದ ಬಾಗಿಲಿಗೆ ಅವನು ಅಡ್ಡ ಮಲಗಿದಾಗ ಮಾತ್ರ.

ಹೋದ ವಾರ ಮುಬಶೀರನ ಮಗಳು ಇರಮಳನ್ನು ನೋಡಲು ಹಾನಗಲ್ಲಿನವರು ಬಂದರು. ಹುಚ್ಚಿಯ ಮೊಮ್ಮಗಳನ್ನು ಯಾರು ಮಾಡಿಕೊಂಡಾರು? ಅಪ್ಪ ಮಸೀದಿಗೆ ಹೋದದ್ದೇ ತಡ, ಮುಬಶೀರ ಅಮ್ಮನ ಕೋಣೆಗೆ ಹೊರಗಿನಿಂದ ಹೊಸ ಚಿಲಕ ಜಡಿದು ಅವಳನ್ನು ಒಳಗೆ ಕೂಡಿದ. ಬಂದವರು ಚಹಾ ಕುಡಿಯುವಾಗ ಬಾಗಿಲನ್ನು ಉಗುರಿನಿಂದ ಕೆರೆಯುವ ಸದ್ದು.

“ಇಲಿ ಅದಾವ್ರಿ,” ಎಂದು ಅವನು ನಕ್ಕಿದ್ದ.

ಅವರು ಹೋದಮೇಲೆ ಬಾಗಿಲು ತೆರೆದರೂ ಕುಲಸುಮಬಿ ಮತ್ತೆ ಅನ್ನ ಮುಟ್ಟಲಿಲ್ಲ, ಮಾತಾಡಲಿಲ್ಲ.

* * *

ಕಬರಸ್ತಾನದಲ್ಲಿ ತಾಯಿಯನ್ನು ಗುಂಡಿಯೊಳಗೆ ಮಲಗಿಸಿ ಮೇಲೆ ಬಂದ ಮುಬಶೀರ, ಮಣ್ಣು ಎಳೆಯುವ ಮುಂಚೆ ಅದಕ್ಕೆ ಹಲಗೆ ಹೊಂದಿಸತೊಡಗಿದ. ಕೊನೆಯ ಹಲಗೆ ಎತ್ತಲು ಬಗ್ಗಿದಾಗ ಕಿಸೆಯಿಂದ ಚಿಲಕ ಜಾರಿ ಎಲ್ಲರ ಎದುರು ಠಣ್ಣನೆ ಬಿತ್ತು.

“ಇದೇನೋ, ಹೊಸಾ ಚಿಲಕ?” ಎಂದ ನೆರೆಮನೆಯ ಶಹಾಬುದ್ದೀನ.

ಮುಬಶೀರನಿಗೆ ಆ ಗುಂಡಿಯೊಳಗೇ ಇಳಿದುಬಿಡೋಣ ಎನಿಸಿತು.

ಜಮಾಲಸಾಬ ತಡವರಿಸದೆ ಬಗ್ಗಿ ಚಿಲಕ ಎತ್ತಿಕೊಂಡ. “ನಮ್ಮನೀದು. ಹಳೇದು. ನಾನ ಕಿತ್ತಿದ್ದೆ,” ಎಂದು ತನ್ನ ಕಿಸೆಗೆ ಹಾಕಿಕೊಂಡ. ಬಿಸಿಲಿಗೆ ಅದು ಫಳಫಳ ಹೊಳೆದದ್ದನ್ನು ಎಲ್ಲರೂ ನೋಡಿದ್ದರು.

ಆಮೇಲೆ ಮುದುಕ ಮೊಣಕಾಲೂರಿ, ಹಲಗೆಗಳ ನಡುವೆ ಉಳಿದ ಸಂದಿಗೆ ಬಾಯಿ ತಂದ.

“ಕುಲಸುಮ, ಅಂಜಬ್ಯಾಡ. ಹೊರಗ ನಾ ಅದೇನಿ.”

ಕೊನೆಯ ಹಲಗೆ ಮುಬಶೀರನ ಕೈಯಲ್ಲೇ ಇತ್ತು.