ಮೊದಲ ದಿನದ ಹಾಜರಿ

ನೀರು ತುಂಬಿಸಿಕೊಳ್ಳಲು ಮೂರನೆಯ ಸಲ ಎದ್ದಾಗ ಲೋಟದಲ್ಲಿ ಇನ್ನೂ ಅರ್ಧ ನೀರಿತ್ತು. ಲೆಕ್ಕಾಧಿಕಾರಿ ಅದನ್ನು ಗಮನಿಸಲಿಲ್ಲ. ಕಿಟಕಿಯವರೆಗೆ ಹೋಗಿ, ಪರದೆ ಸರಿಸಿ, ಮತ್ತೆ ಎಳೆದು, ಬಂದು ಕೂತು, ಮೇಜಿನ ಮೇಲಿದ್ದ ಹಳದಿ ಹಾಳೆಯನ್ನು ಇನ್ನೊಮ್ಮೆ ಓದಿದಳು. ಅದರಲ್ಲಿದ್ದದ್ದು ಬದಲಾಗಿರಲಿಲ್ಲ. ಬದಲಾಗಲು ಅದೇನು ಹವಾಮಾನವೇ?

ನೀರು ಸರಬರಾಜು ಮಂಡಳಿಯ ಹಳೆಯ ಸೇವಾ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ನಡೆದಿತ್ತು. ಆ ದಿನ ಕೈಗೆ ಬಂದದ್ದು ಒಬ್ಬ ಪಂಪ್ ಆಪರೇಟರನ ಪುಸ್ತಕ. ಅವನು ನಿವೃತ್ತನಾಗಿ ಇಪ್ಪತ್ತೇಳು ವರ್ಷವಾಗಿತ್ತು, ತೀರಿಕೊಂಡು ಆರು. ಅವನ ಪಿಂಚಣಿಯ ಲೆಕ್ಕ ಹಾಕಿದವಳು ಇವಳೇ, ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ.

ಆ ಲೆಕ್ಕ ಅವಳಿಗೆ ಬಾಯಿಪಾಠ. ಪೂರ್ಣ ವರ್ಷಗಳ ಮೇಲೆ ಮೂರು ತಿಂಗಳು ತುಂಬಿದ್ದರೆ ಅದನ್ನು ಅರ್ಧ ವರ್ಷವೆಂದು ಹಿಡಿದು ಪಿಂಚಣಿಗೆ ಸೇರಿಸಬೇಕು. ಆಪರೇಟರನಿಗೆ ಸರಿಯಾಗಿ ಮೂರು ತಿಂಗಳಾಗಿತ್ತು, ಒಂದು ದಿನವೂ ಹೆಚ್ಚಿಲ್ಲ. ಬೇರೆಯವರಾಗಿದ್ದರೆ ರುಜು ಹಾಕಿ ಮುಗಿಸುತ್ತಿದ್ದರು. ಇವಳು ಪಂಪ್ ಹೌಸಿನ ಹಾಜರಿ ಪುಸ್ತಕವನ್ನೇ ತರಿಸಿದಳು. ಮೊದಲ ದಿನ ಅವನು ಮಧ್ಯಾಹ್ನದ ಪಾಳಿಯಲ್ಲಿ ರುಜು ಹಾಕಿದ್ದ. ಮಧ್ಯಾಹ್ನ ಸೇರಿದವನ ಸೇವೆಯನ್ನು ಮರುದಿನದಿಂದ ಎಣಿಸಬೇಕು. ಒಂದು ದಿನ ಹೋಯಿತು, ಅದರ ಹಿಂದೆಯೇ ಅರ್ಧ ವರ್ಷವೂ ಹೋಯಿತು. "ಹದ್ದಿನ ಕಣ್ಣು" ಎಂದು ಅಂದಿನ ಸಾಹೇಬರು ಹೊಗಳಿದರು, ಕಚೇರಿಯಲ್ಲಿ ಅವಳ ಹೆಸರೇ ಹದ್ದಮ್ಮ ಆಯಿತು. ತರಬೇತಿಗೆ ಬಂದ ಹೊಸಬರಿಗೆಲ್ಲ ಈ ಕಥೆಯನ್ನು ಅವಳು ಹೇಳದೆ ಬಿಟ್ಟದ್ದಿಲ್ಲ.

ಈಗ ಸೇವಾ ಪುಸ್ತಕದ ರಟ್ಟಿಗೆ ಅಂಟಿಕೊಂಡಿದ್ದ ಆ ಹಳದಿ ಹಾಳೆ ಕಳಚಿ ಬಂದಿತ್ತು. ಅದರ ಪ್ರಕಾರ ಮೊದಲ ದಿನ ಆಪರೇಟರ್ ಬೆಳಿಗ್ಗೆ ಹತ್ತಕ್ಕೇ ಮುಖ್ಯ ಕಚೇರಿಯಲ್ಲಿ ಹಾಜರಾಗಿದ್ದ. ಅವನನ್ನು ಪಂಪ್ ಹೌಸಿಗೆ ಕಳಿಸಿದ್ದು ಆಮೇಲೆ. ಹದ್ದಮ್ಮ ಹಾಜರಿ ಪುಸ್ತಕ ನೋಡಿದ್ದಳು, ಈ ಹಾಳೆಯನ್ನು ಹುಡುಕಿರಲಿಲ್ಲ.

ತಿಂಗಳ ಕೊನೆಗೆ ನಿವೃತ್ತರಾಗಲಿದ್ದ ಮುಖ್ಯ ಲೆಕ್ಕಾಧಿಕಾರಿ ಹಾಳೆಯನ್ನು ನೋಡಿ ಮಡಚಿ ವಾಪಸು ಕೊಟ್ಟರು. "ಇಲ್ಲದ ಉಸಾಬರಿ ಯಾಕೆ ಮೇಡಂ? ಶುಕ್ರವಾರ ಬಡ್ತಿ ಸಮಿತಿ ಕೂರತ್ತೆ. ಈ ಕುರ್ಚಿ ನಿಮ್ದೇ ಅಂತ ಎಲ್ರಿಗೂ ಹೇಳಿಟ್ಟಿದ್ದೀನಿ. ನೀವೇ ನಿಮ್ಮ ತಪ್ಪು ಬರ್ದು ಕೊಟ್ರೆ ಫೈಲು ವಿಚಾರಣೆಗೆ ಹೋಗತ್ತೆ. ಮುಂದಿನ ಸಮಿತಿ ಹೊತ್ತಿಗೆ ನೀವೂ ಮನೇಲಿರ್ತೀರಿ."

"ಶುಕ್ರವಾರದ ಒಳಗೆ ನಾನೊಂದು ಘೋಷಣೆಗೆ ರುಜು ಹಾಕ್ಬೇಕಲ್ಲ ಸರ್. ನನ್ನ ಕೆಲಸದಲ್ಲಿ ಯಾವ ಲೋಪವೂ ನನ್ನ ಗಮನಕ್ಕೆ ಬಂದಿಲ್ಲ ಅಂತ."

"ಎಲ್ರೂ ಹಾಕ್ತಾರೆ. ನಾನು ಕಣ್ಮುಚ್ಕೊಂಡು ಹಾಕಿದ್ದೆ. ಆ ಆಪರೇಟರನ ಹೆಂಡತಿ ಬಂದು ಕೇಳಿದ್ದಾರಾ?"

"ಕೇಳೋಕೆ ಅವರಿಗೆ ಗೊತ್ತಿದ್ರೆ ತಾನೇ?"

ಅವಳು ಮನೆಗೆ ಬಂದರೂ ಕೂತಲ್ಲಿ ಕೂರಲಿಲ್ಲ. ಬಾಗಿಲು ಹಾಕಿದೆಯೇ ಎಂದು ಎರಡು ಸಲ ನೋಡಿದಳು, ಮಡಚಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದಳು. ಉತ್ತರ ಪತ್ರಿಕೆ ತಿದ್ದುತ್ತಿದ್ದ ಗಂಡ ತಲೆ ಎತ್ತಿದ. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ? ನೆಲ ಸವೆದ್ರೆ ಮನೆ ಮಾಲೀಕರಿಗೆ ನಾನೇ ಉತ್ತರ ಹೇಳ್ಬೇಕು." ಅವಳು ನಿಂತೇ ಎಲ್ಲವನ್ನೂ ಹೇಳಿದಳು.

"ಆ ಕುರ್ಚಿ ನಿಂಗೆ ಬೇಕಾ?" ಎಂದು ಅವನು ಕೇಳಿದ.

"ಬೇಕು."

ಬೇಕೇ ಬೇಕಿತ್ತು. ಮಂಡಳಿಯಲ್ಲಿ ಇದುವರೆಗೆ ಯಾವ ಹೆಂಗಸೂ ಆ ಕುರ್ಚಿಯಲ್ಲಿ ಕೂತಿರಲಿಲ್ಲ. ಮಗಳಿಗೆ ಜ್ವರವಿದ್ದಾಗಲೂ ರಜೆ ಹಾಕದೆ ದುಡಿದದ್ದು ಅದಕ್ಕಾಗಿಯೇ ಎಂದು ಅವಳಿಗೆ ಆ ಕ್ಷಣ ಅನ್ನಿಸಿತು, ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ಗಂಡ ಮತ್ತೆ ಉತ್ತರ ಪತ್ರಿಕೆಗಳತ್ತ ತಿರುಗಿದ, ಹೇಗೂ ಅವಳಿಗೆ ಹೇಳಿದವರ ಮಾತು ಕೇಳುವ ಅಭ್ಯಾಸ ಇರಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ಘೋಷಣೆಯ ಹಾಳೆಯನ್ನು ಖಾಲಿಯಾಗಿಯೇ ಹಿಂದಿರುಗಿಸಿ, ಆಪರೇಟರ್ ಬೆಳಿಗ್ಗೆಯೇ ಬಂದಿದ್ದ, ಲೆಕ್ಕದ ತಪ್ಪು ತನ್ನದೇ ಎಂದು ಟಿಪ್ಪಣಿಯನ್ನು ಕೈಯಾರೆ ಬರೆದಳು. ಶುಕ್ರವಾರ ಕುರ್ಚಿ ಅವಳ ಬಳಿಯೇ ಕೆಲಸ ಕಲಿತವನ ಪಾಲಾಯಿತು. ಅವನು ಬಂದು, "ಆಶೀರ್ವಾದ ಮಾಡಿ ಮೇಡಂ" ಎಂದಾಗ ಅವಳು ನಕ್ಕಳು. ಅವನು ಹೋದ ಮೇಲೆ ಬಚ್ಚಲುಮನೆಯ ನಲ್ಲಿ ಬಿಟ್ಟುಕೊಂಡು ಅತ್ತಳು.

ಮುಂದಿನ ತಿಂಗಳು ಆಪರೇಟರನ ಹೆಂಡತಿ ಬಂದಳು. ಎಂಬತ್ತರ ಹತ್ತಿರದ ಜೀವ, ಕುರ್ಚಿಯ ಅಂಚಿನಲ್ಲಷ್ಟೇ ಕೂತಳು. "ಕಾಗದ ಬಂದಾಗಿಂದ ಕೈಕಾಲೇ ಆಡಲಿಲ್ಲ ಕಣಮ್ಮಾ. ಬರ್ತಿರೋದನ್ನೂ ನಿಲ್ಸಿಬಿಟ್ರೇನೋ ಅಂದ್ಕೊಂಡೆ."

"ನಿಲ್ಸಿಲ್ಲ ಅಮ್ಮ. ನಾವೇ ಕಡಿಮೆ ಕೊಟ್ಟಿದ್ವಿ. ನಿಮ್ಮ ಯಜಮಾನ್ರು ಮಧ್ಯಾಹ್ನ ಸೇರಿದ್ರು ಅಂತ ನಾನು ತಪ್ಪಾಗಿ ಬರೆದಿದ್ದೆ. ಅವರು ಬೆಳಿಗ್ಗೆನೇ ಬಂದಿದ್ರು. ಹಿಂದಿನ ಬಾಕಿಯೆಲ್ಲ ಸೇರಿ ನಿಮಗೆ ಬರತ್ತೆ."

ಎಷ್ಟು ಎಂದು ಮುದುಕಿ ಕೇಳಲಿಲ್ಲ.

"ಬೆಳಿಗ್ಗೆನೇ ಹೋಗಿದ್ದೆ ಅಂತ ಅವರು ಹೇಳ್ತಾನೇ ಇದ್ರು. ಸಾಯೋವರೆಗೂ ಅದೊಂದೇ ರಾಗ. ಹೋಗಿ ಕೇಳ್ತೀನಿ ಅಂತ ಚಪ್ಪಲಿ ಮೆಟ್ಕೊಂಡ್ರೆ ನಾನೇ ಬಾಗಿಲಿಗೆ ಅಡ್ಡ ನಿಲ್ತಿದ್ದೆ. ಓದಿದ ಹೆಣ್ಮಗಳು ಬರ್ದಿದ್ದಾಳೆ, ನಿಮ್ಗಿಂತ ಅವಳಿಗೆ ಗೊತ್ತಿರತ್ತೆ, ಸುಮ್ನೆ ಮಾನ ಕಳೀಬೇಡಿ ಅಂತ ಬೈತಿದ್ದೆ."

ಲೆಕ್ಕಾಧಿಕಾರಿ ಫೈಲಿನಿಂದ ತನ್ನ ಟಿಪ್ಪಣಿಯನ್ನು ತೆಗೆದು ಮುದುಕಿಯ ಮುಂದಿಟ್ಟಳು.

"ಅವರು ಬೆಳಿಗ್ಗೆ ಬಂದಿದ್ರು ಅನ್ನೋದು ಇದ್ರಲ್ಲಿ ಎಲ್ಲಿದೆ, ತೋರ್ಸು. ನಂಗೆ ಓದೋಕೆ ಬರಲ್ಲ."

ಅವಳು ಎದ್ದು ಮೇಜು ಸುತ್ತಿ ಬಂದು, ಮುದುಕಿಯ ಪಕ್ಕ ನಿಂತು, ತನ್ನದೇ ಅಕ್ಷರದ ಆ ಸಾಲನ್ನು ತೋರಿಸಿ ಓದಿದಳು. ಮುದುಕಿ ಅಲ್ಲಿ ಬೆರಳಿಟ್ಟಳು.

"ಇನ್ನೊಂದ್ಸಲ ಓದು. ನಿಧಾನಕ್ಕೆ."

ಅವಳು ಮತ್ತೆ ಓದತೊಡಗಿದಳು. ಓದಲು ಬಾರದ ಬೆರಳು ಅವಳ ದನಿಯ ಹಿಂದೆಯೇ ಒಂದೊಂದು ಪದವನ್ನೂ ಸವರುತ್ತ ಸಾಲಿನ ಕೊನೆಯವರೆಗೆ ಹೋಯಿತು.